ತಮಾಷಾ ರಂಗಪ್ರಕಾರ ಮತ್ತು ಅದರ ಸಂಗೀತ

ತಮಾಷಾ ಮಹಾರಾಷ್ಟ್ರದ ಜಾನಪದ ರಂಗಪ್ರಕಾರವಾಗಿದ್ದು, ಗಣೇಶಸ್ತುತಿಯಾದ ಗಣ, ಕೃಷ್ಣ-ಗೋಪಿಯರ ಗವಳಣ ಹಾಗೂ ಕಥಾಭಾಗವಾದ ವಗಗಳನ್ನು ಒಳಗೊಂಡಿರುತ್ತದೆ. ಲಾವಣಿಯೇ ಇದರ ಜೀವಾಳ.

ಫಡದ ಲಾವಣಿಯಲ್ಲಿ ನೃತ್ಯವೂ ಢೋಲಕಿಯ ಲಯವೂ ಪ್ರಧಾನ. ಬೈಠಕಿನ ಲಾವಣಿಯನ್ನಾದರೋ ಗಾಯಕಿಯು ಕುಳಿತೇ ಹಾಡಿ ಅಭಿನಯಿಸುತ್ತಾರೆ. ಒಂದೇ ಸಾಲನ್ನು ಹಲವು ಭಾವಗಳಲ್ಲಿ ವಿಸ್ತರಿಸುವ ಈ ಕ್ರಮವು ಹಿಂದೂಸ್ಥಾನಿ ಸಂಗೀತದ ಠುಮರಿಗೆ ಸಮೀಪವಾದುದು. ಇದನ್ನು ಕೇವಲ ವಿನೋದವೆಂದು ಬಗೆಯುವುದು ಸರಿಯಲ್ಲ. ಲಾವಣಿ ಗಾಯಕಿ ಯಮುನಾಬಾಯಿ ವಾಯ್ಕರ್ ಅವರಿಗೆ 2012ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು.

ಒಂದೇ ತಂತಿಯ ತುಂತುಣೆಯಲ್ಲಿ ಶ್ರುತಿ ಹಿಡಿಯುವವರ, ಢೋಲಕಿ ನುಡಿಸುವವರ ಹೆಸರುಗಳು ಮಾತ್ರ ಬೆಳಕಿಗೆ ಬರುವುದು ವಿರಳ. ಆದುದರಿಂದ, ಕಲಾವಿದರ ನೆರವಿಗಾಗಿ ಅರ್ಜಿ ಸಲ್ಲಿಸುವ ಗಡಿಭಾಗದ ಹಿಮ್ಮೇಳದವರು ಕಲಾಪ್ರಕಾರವನ್ನು ‘ತಮಾಷಾ’ ಎಂದಷ್ಟೇ ಬರೆಯದೆ, ತಾವು ನುಡಿಸುವ ವಾದ್ಯದ ಹೆಸರನ್ನೂ ಸ್ಪಷ್ಟವಾಗಿ ನಮೂದಿಸಲು ಕೋರಲಾಗಿದೆ.