ಆಸ್ಪತ್ರೆಯ ಯಾವ ಮೂಲೆಯಲ್ಲಿ ಅಪಾಯ?

2003ರ ಮಾರ್ಚ್ 4ರಂದು ಹಾಂಕಾಂಗ್‌ನ ಪ್ರಿನ್ಸ್ ಆಫ್ ವೇಲ್ಸ್ ಆಸ್ಪತ್ರೆಯ 8ಎ ವಾರ್ಡಿಗೆ 26 ವರ್ಷದ ಯುವಕನೊಬ್ಬ ದಾಖಲಾದ. ಜ್ವರ, ಕೆಮ್ಮು, ಎದೆಯ ಎಕ್ಸ್-ರೇಯಲ್ಲಿ ನ್ಯುಮೋನಿಯಾದ ಗುರುತು. ಅಂಥ ರೋಗಿಗಳು ಯಾವ ದೊಡ್ಡ ಆಸ್ಪತ್ರೆಗೂ ಹೊಸಬರಲ್ಲ. ಉಸಿರಾಟ ಸಲೀಸಾಗಲೆಂದು ವೈದ್ಯರು ದಿನಕ್ಕೆ ನಾಲ್ಕು ಬಾರಿಯಂತೆ ಒಂದು ವಾರ ನೆಬ್ಯುಲೈಸರ್ ಮೂಲಕ ಔಷಧ ಕೊಟ್ಟರು. ದ್ರವ ಔಷಧವನ್ನು ಮಂಜಿನಂತೆ ಮಾಡಿ ಶ್ವಾಸಕೋಶಕ್ಕೆ ಕಳುಹಿಸುವ ಆ ಪುಟ್ಟ ಯಂತ್ರ, ರೋಗಿಯೊಳಗಿದ್ದ ವೈರಾಣುವನ್ನೂ ವಾರ್ಡಿನ ಗಾಳಿಗೆ ತೂರಿರಬೇಕೆಂದು ತಜ್ಞರು ಆಮೇಲೆ ಊಹಿಸಿದರು. ಮಾರ್ಚ್ 25ರ ಹೊತ್ತಿಗೆ ಆ ಆಸ್ಪತ್ರೆಯಲ್ಲಿ ಶಂಕಿತ ಸಾರ್ಸ್ ರೋಗಿಗಳ ಸಂಖ್ಯೆ 138ಕ್ಕೆ ಮುಟ್ಟಿತ್ತು. ಅವರಲ್ಲಿ 69 ಮಂದಿ ಆಸ್ಪತ್ರೆಯ ಸಿಬ್ಬಂದಿ. 16 ಮಂದಿ, ರೋಗಿಯ ಹಾಸಿಗೆಯ ಪಕ್ಕ ನಿಂತು ಪಾಠ ಕಲಿಯಲು ಬಂದಿದ್ದ ವೈದ್ಯ ವಿದ್ಯಾರ್ಥಿಗಳು.

ಇಲ್ಲಿ ಯಾರೂ ಕರ್ತವ್ಯಲೋಪ ಮಾಡಿರಲಿಲ್ಲ. ತಮ್ಮೆದುರು ಮಲಗಿರುವುದು ಹೊಸ ರೋಗವೆಂಬುದು ಅವರಿಗೆ ಗೊತ್ತಿರಲಿಲ್ಲ, ಅಷ್ಟೇ. ಆಸ್ಪತ್ರೆಯ ಸಿಬ್ಬಂದಿಗೆ ಕೊರೊನಾ ವೈರಾಣುಗಳಿಂದ ಬರುವ ಅಪಾಯದ ಸ್ವರೂಪವೇ ಇದು. ಬಾಗಿಲ ಮೇಲೆ ಕೆಂಪು ಫಲಕ ತೂಗುಹಾಕಿ, ಮೈತುಂಬ ರಕ್ಷಾಕವಚ ತೊಟ್ಟು ಒಳಗೆ ಹೋಗುವ ಕೊಠಡಿಗಿಂತ, ಯಾವ ಫಲಕವೂ ಇಲ್ಲದ ಸಾಮಾನ್ಯ ವಾರ್ಡು, ತುರ್ತು ಚಿಕಿತ್ಸಾ ಘಟಕದ ಹಜಾರ, ಸಿಬ್ಬಂದಿ ಕುಳಿತು ಚಹಾ ಕುಡಿಯುವ ಕೋಣೆ ಹೆಚ್ಚು ಅಪಾಯಕಾರಿ ಆಗಬಲ್ಲವು. ಎರಡು ದಶಕಗಳಲ್ಲಿ ಎರಡು ಬಾರಿ ಈ ಪಾಠ ನಮ್ಮ ಮುಂದೆ ಬಂದಿದೆ.

ಮೊದಲನೆಯದರ ಲೆಕ್ಕ ಸ್ಪಷ್ಟವಾಗಿದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2003ರ ಸಾರ್ಸ್ ಪಿಡುಗಿನಲ್ಲಿ ಜಗತ್ತಿನಾದ್ಯಂತ 8,096 ಮಂದಿಗೆ ಸೋಂಕು ತಗುಲಿ 774 ಮಂದಿ ಸತ್ತರು. ಸೋಂಕಿತರಲ್ಲಿ 1,706 ಮಂದಿ ಆರೋಗ್ಯ ಸಿಬ್ಬಂದಿ, ಅಂದರೆ ಐವರಲ್ಲಿ ಒಬ್ಬರು. ಕೆನಡಾದ 251 ರೋಗಿಗಳಲ್ಲಿ 109 ಮಂದಿ, ವಿಯೆಟ್ನಾಮಿನ 63ರಲ್ಲಿ 36 ಮಂದಿ ಇದೇ ವರ್ಗದವರು. ಹನೋಯ್‌ನಲ್ಲಿ ಈ ಹೊಸ ರೋಗವನ್ನು ಗುರುತಿಸಿ ಜಗತ್ತನ್ನು ಎಚ್ಚರಿಸಿದ ಇಟಲಿಯ ವೈದ್ಯ ಕಾರ್ಲೋ ಉರ್ಬಾನಿ ಅದೇ ರೋಗಕ್ಕೆ ಆ ಮಾರ್ಚ್ 29ರಂದು ಬಲಿಯಾದರು.

ಕೆನಡಾದ ಅನುಭವವನ್ನು ಸ್ವಲ್ಪ ಬಿಡಿಸಿ ನೋಡಬೇಕು. 2003ರ ಮಾರ್ಚ್ 7ರಂದು, ಒಂದೇ ದಿನ, ಆ ದೇಶದ ಎರಡು ಊರುಗಳ ಆಸ್ಪತ್ರೆಗಳಿಗೆ ಇಬ್ಬರು ರೋಗಿಗಳು ಬಂದರು. ಇಬ್ಬರ ಸೋಂಕಿನ ಮೂಲವೂ ಹಾಂಕಾಂಗ್‌ನ ಒಂದೇ ಹೋಟೆಲು. ವ್ಯಾಂಕೂವರ್‌ನಲ್ಲಿ ರೋಗಿಯನ್ನು ಬಂದ ಕೂಡಲೇ ಪ್ರತ್ಯೇಕಿಸಿದರು. ಸಿಬ್ಬಂದಿ ಎನ್95 ಮುಖಗವಸು ಧರಿಸಿದರು. ಅಲ್ಲಿ ರೋಗ ಹಬ್ಬಲಿಲ್ಲ. ಟೊರಾಂಟೊದಲ್ಲಿ ರೋಗಿ ತುರ್ತು ಘಟಕದ ಜನಸಂದಣಿಯ ನಡುವೆ ಹಾಸಿಗೆಗಾಗಿ ಗಂಟೆಗಟ್ಟಲೆ ಕಾದರು. ಅಲ್ಲಿಂದ ಆರಂಭವಾದ ಸರಪಳಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಹಬ್ಬಿ, ಕೊನೆಗೆ ಇಬ್ಬರು ದಾದಿಯರನ್ನೂ ಒಬ್ಬ ವೈದ್ಯರನ್ನೂ ಬಲಿ ತೆಗೆದುಕೊಂಡಿತು. ಪಿಡುಗು ಮುಗಿಯಿತೆಂದು ಮೇ ತಿಂಗಳಲ್ಲಿ ಎಚ್ಚರಿಕೆ ಸಡಿಲಿಸಿದರು. ನಾರ್ತ್ ಯಾರ್ಕ್ ಜನರಲ್ ಆಸ್ಪತ್ರೆಯ ದಾದಿಯರು ಹೊಸ ರೋಗಿಗಳಲ್ಲಿ ಅದೇ ಲಕ್ಷಣ ಕಂಡು ಆತಂಕ ವ್ಯಕ್ತಪಡಿಸಿದಾಗ, ಇದು ಸಾರ್ಸ್ ಅಲ್ಲ ಎಂಬ ಉತ್ತರ ಸಿಕ್ಕಿತು. ಅದು ಸಾರ್ಸ್ ಆಗಿತ್ತು. ಎರಡನೆಯ ಅಲೆ ಅಲ್ಲಿಂದಲೇ ಎದ್ದಿತು.

ಈ ಇಡೀ ಪ್ರಕರಣವನ್ನು ಪರಿಶೀಲಿಸಿದ ನ್ಯಾಯಮೂರ್ತಿ ಆರ್ಚಿ ಕ್ಯಾಂಪ್‌ಬೆಲ್ ಆಯೋಗದ ಅಂತಿಮ ವರದಿ 2007ರ ಜನವರಿಯಲ್ಲಿ ಬಹಿರಂಗವಾಯಿತು. ವೈರಾಣು ಗಾಳಿಯಲ್ಲಿ ತೇಲುತ್ತದೆಯೋ, ಕೇವಲ ಎಂಜಲ ಹನಿಗಳ ಮೂಲಕ ಹರಡುತ್ತದೆಯೋ ಎಂಬ ಚರ್ಚೆಯಲ್ಲಿ ತಜ್ಞರು ಮುಳುಗಿದ್ದಾಗ ದಾದಿಯರ ರಕ್ಷಣೆ ಹಿಂದೆ ಬಿತ್ತೆಂಬುದು ಅದರ ಮುಖ್ಯ ಆಕ್ಷೇಪ. ಅಪಾಯ ತಗ್ಗಿಸುವ ಸಮಂಜಸ ಕ್ರಮಕ್ಕೆ ವೈಜ್ಞಾನಿಕ ಖಚಿತತೆ ಸಿಗುವವರೆಗೆ ಕಾಯಬಾರದೆಂದು ನ್ಯಾಯಮೂರ್ತಿಗಳು ಬರೆದರು. ಕಾನೂನು ಬಲ್ಲವರ ಮಾತನ್ನು ವೈದ್ಯಲೋಕ ಎಷ್ಟು ಗಂಭೀರವಾಗಿ ಪರಿಗಣಿಸಿತು ಎಂಬುದು 13 ವರ್ಷಗಳ ಬಳಿಕ ಗೊತ್ತಾಯಿತು.

ರಕ್ಷಣೆ ಸಾಧ್ಯವೇ ಇರಲಿಲ್ಲವೆಂದೇನಲ್ಲ. ಹಾಂಕಾಂಗ್‌ನ ಐದು ಆಸ್ಪತ್ರೆಗಳಲ್ಲಿ ಸಾರ್ಸ್ ರೋಗಿಗಳ ಸಂಪರ್ಕಕ್ಕೆ ಬಂದಿದ್ದ 254 ಸಿಬ್ಬಂದಿಯನ್ನು ವಿಚಾರಿಸಿದ ಅಧ್ಯಯನವೊಂದು 2003ರಲ್ಲೇ ಲ್ಯಾನ್ಸೆಟ್‌ನಲ್ಲಿ ಪ್ರಕಟವಾಯಿತು. ಮುಖಗವಸು, ಕೈಗವಸು, ಗೌನು ಮತ್ತು ಕೈ ತೊಳೆಯುವುದು, ಈ ನಾಲ್ಕನ್ನೂ ಪಾಲಿಸಿದ 69 ಮಂದಿಯಲ್ಲಿ ಒಬ್ಬರಿಗೂ ಸೋಂಕು ತಗುಲಿರಲಿಲ್ಲ. ಹನೋಯ್‌ನ ನಿದರ್ಶನ ಇನ್ನೂ ಕುತೂಹಲಕರ. ಅಲ್ಲಿ ಸೋಂಕು ಮೊದಲು ಹಬ್ಬಿದ್ದು ಸುಸಜ್ಜಿತ ಖಾಸಗಿ ಆಸ್ಪತ್ರೆಯಲ್ಲಿ. ಅನಂತರ ರೋಗಿಗಳನ್ನು ದಾಖಲಿಸಿಕೊಂಡ ಸಾರ್ವಜನಿಕ ಆಸ್ಪತ್ರೆಯಲ್ಲಿ ಆರಂಭದಲ್ಲಿ ಎನ್95 ಮುಖಗವಸುಗಳೂ ಇರಲಿಲ್ಲ. ಇದ್ದದ್ದು ಎತ್ತರದ ಚಾವಣಿ, ಫ್ಯಾನು, ಸದಾ ತೆರೆದಿಟ್ಟ ದೊಡ್ಡ ಕಿಟಕಿಗಳು. ಆ ಸಿಬ್ಬಂದಿಯನ್ನು ಪರೀಕ್ಷಿಸಿದಾಗ ಒಬ್ಬರಲ್ಲೂ ಸೋಂಕಿನ ಕುರುಹು ಸಿಗಲಿಲ್ಲ. ಕಿಟಕಿಯೊಂದೇ ಅವರನ್ನು ಕಾಪಾಡಿತೆಂದು ಹೇಳಲಾಗದು. ಅಷ್ಟರಲ್ಲಿ ರೋಗದ ಹೆಸರು ಗೊತ್ತಾಗಿತ್ತು, ಎಚ್ಚರ ಮೂಡಿತ್ತು. ಆದರೂ ಬೆಂಗಳೂರಿನ ವಿಕ್ಟೋರಿಯಾದಂಥ ಹಳೆಯ ಆಸ್ಪತ್ರೆಗಳನ್ನು ಕಟ್ಟಿದವರ ಗಾಳಿ-ಬೆಳಕಿನ ಕಾಳಜಿಯನ್ನು, ಕಿಟಕಿಯೇ ತೆರೆಯದ ಇಂದಿನ ಗಾಜಿನ ಕಟ್ಟಡಗಳ ವಾಸ್ತುಶಿಲ್ಪಿಗಳು ಒಮ್ಮೆ ನೆನೆಯಬಹುದು.

2020ರಲ್ಲಿ ಹಳೆಯ ತಪ್ಪುಗಳೇ ಹೊಸ ಪ್ರಮಾಣದಲ್ಲಿ ಮರಳಿದವು. ವುಹಾನ್‌ನಲ್ಲಿ ಸಹೋದ್ಯೋಗಿಗಳನ್ನು ಎಚ್ಚರಿಸಿ ಪೊಲೀಸರಿಂದ ಛೀಮಾರಿ ಹಾಕಿಸಿಕೊಂಡ ಲಿ ವೆನ್‌ಲಿಯಾಂಗ್ ಶ್ವಾಸಕೋಶ ತಜ್ಞರಲ್ಲ, ಕಣ್ಣಿನ ವೈದ್ಯರು. ಕಣ್ಣಿನ ತೊಂದರೆಗೆಂದು ಬಂದ ರೋಗಿಯಿಂದ ಸೋಂಕು ತಗುಲಿ ಫೆಬ್ರವರಿ 7ರಂದು ಅವರು ತೀರಿಕೊಂಡರು. ದೇಶದ ಮೊದಲ ಕೋವಿಡ್ ಸಾವು ಸಂಭವಿಸಿದ ಕಲಬುರಗಿಯಲ್ಲಿ ಆ ವೃದ್ಧರಿಗೆ ಮನೆಯಲ್ಲಿ ಚಿಕಿತ್ಸೆ ನೀಡಿದ್ದ ವೈದ್ಯರಿಗೂ ಸೋಂಕು ತಗುಲಿತು. ಇಬ್ಬರೂ ನೋಡಿದ್ದು ರೋಗದ ಹೆಸರು ಹೊತ್ತು ಬಂದವರನ್ನಲ್ಲ. ಮಾರ್ಚ್ 28ರಂದು ವಿಶ್ವ ಆರೋಗ್ಯ ಸಂಸ್ಥೆ, ಈ ವೈರಾಣು ಗಾಳಿಯ ಮೂಲಕ ಹರಡುವುದಿಲ್ಲವೆಂದು ಖಡಾಖಂಡಿತವಾಗಿ ಸಾರಿತು. ಆ ನಿಲುವನ್ನು ತಿದ್ದಿಕೊಳ್ಳಲು ಬಹುಕಾಲ ಹಿಡಿಯಿತು. ನಮ್ಮಲ್ಲಂತೂ ಕೋಲ್ಕತ್ತದಲ್ಲಿ ವೈದ್ಯರು ಮಳೆಯಂಗಿ ತೊಟ್ಟು, ಹರಿಯಾಣದಲ್ಲಿ ಹೆಲ್ಮೆಟ್ ಧರಿಸಿ ರೋಗಿಗಳನ್ನು ನೋಡಿದ ದಿನಗಳವು. ಅದಕ್ಕೆ ಒಂದು ವಾರ ಮುಂಚೆ, 22ರ ಸಂಜೆ ಐದಕ್ಕೆ, ಅವರಿಗಾಗಿ ನಾವು ತಟ್ಟೆ ಬಡಿದಿದ್ದೆವು.

ಅಪಾಯ ಯಾರಿಗೆ ಹೆಚ್ಚು? ತೀವ್ರ ನಿಗಾ ಘಟಕದವರಿಗೆ ಎಂದೇ ಯಾರಾದರೂ ಹೇಳಿಯಾರು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ 2020ರ ಏಪ್ರಿಲ್ ಕೊನೆಯ ವಾರ ವಿಶ್ವವಿದ್ಯಾಲಯ ಆಸ್ಪತ್ರೆಗಳ 500ಕ್ಕೂ ಹೆಚ್ಚು ಸಿಬ್ಬಂದಿಯ ರಕ್ತ ಪರೀಕ್ಷೆ ನಡೆಸಿದಾಗ ಸಿಕ್ಕ ಉತ್ತರ ಬೇರೆಯೇ. ತೀವ್ರ ನಿಗಾ ಘಟಕದ ಸಿಬ್ಬಂದಿಯಲ್ಲಿ ಪ್ರತಿಕಾಯ ಕಂಡುಬಂದದ್ದು ಶೇ 14.8 ಮಂದಿಯಲ್ಲಿ ಮಾತ್ರ. ಎಲ್ಲರಿಗಿಂತ ಹೆಚ್ಚು ಸೋಂಕು ಇದ್ದದ್ದು ನೆಲ ಒರೆಸುವ, ಕಸ ತೆಗೆಯುವ ಸ್ವಚ್ಛತಾ ಸಿಬ್ಬಂದಿಯಲ್ಲಿ: ಶೇ 34.5. ಸಾಮಾನ್ಯ ವಾರ್ಡುಗಳ ವೈದ್ಯರು, ದಾದಿಯರು ಅವರ ಹಿಂದೆಯೇ ಇದ್ದರು.

ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ತೀವ್ರ ನಿಗಾ ಘಟಕಕ್ಕೆ ಅತ್ಯುತ್ತಮ ಮುಖಗವಸು, ಉತ್ತಮ ಗಾಳಿ ವ್ಯವಸ್ಥೆ, ಹೆಚ್ಚಿನ ತರಬೇತಿ ಸಿಗುತ್ತವೆ. ಸಿಗಲೇಬೇಕು. ನೆಲ ಒರೆಸುವವರು ವಾರ್ಡಿನಿಂದ ವಾರ್ಡಿಗೆ ಸುತ್ತುತ್ತಾರೆ, ರೋಗಿಯ ಹಾಸಿಗೆಯ ಕೆಳಗೆ ಬಗ್ಗುತ್ತಾರೆ. ಮುಖಗವಸಿನ ಹಂಚಿಕೆಯಲ್ಲಿ ಮಾತ್ರ ಅವರ ಸರದಿ ಕೊನೆಗೆ. ಎನ್95 ಮುಖಗವಸು ಎಲ್ಲರ ಮುಖಕ್ಕೂ ಒಂದೇ ಬಗೆಯಲ್ಲಿ ಕೂರುವುದಿಲ್ಲ. ಅಂಚಿನಿಂದ ಗಾಳಿ ನುಸುಳಿದರೆ ಅದು ಬರಿಯ ಬಟ್ಟೆ. ಆದ್ದರಿಂದಲೇ ಪ್ರತಿಯೊಬ್ಬರ ಮುಖಕ್ಕೂ ಅದನ್ನು ಹೊಂದಿಸಿ ಪರೀಕ್ಷಿಸಬೇಕೆಂಬ ನಿಯಮ. ನಮ್ಮ ಊರಿನ ಆಸ್ಪತ್ರೆಯ ಆಯಾಗೋ, ಸ್ಟ್ರೆಚರ್ ತಳ್ಳುವ ಡಿ ಗ್ರೂಪ್ ನೌಕರನಿಗೋ ಯಾರಾದರೂ ಎಂದಾದರೂ ಆ ಪರೀಕ್ಷೆ ಮಾಡಿದ್ದಾರೆಯೇ ಎಂದು ವಿಚಾರಿಸಿ ನೋಡಬಹುದು. ಅವರಲ್ಲಿ ಬಹುಪಾಲು ಹೊರಗುತ್ತಿಗೆಯವರು. ಜ್ವರವೆಂದು ಮನೆಯಲ್ಲಿ ಕುಳಿತರೆ ಆ ದಿನದ ಕೂಲಿ ಹೋಗುವವರು ಕೆಮ್ಮು ಅದುಮಿಕೊಂಡು ಕೆಲಸಕ್ಕೆ ಬರುತ್ತಾರೆ. ಸೋಂಕು ಅವರೊಡನೆಯೇ ಆಸ್ಪತ್ರೆ ಸುತ್ತುತ್ತದೆ.

ಸತ್ತವರೆಷ್ಟು? ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರ ಜನವರಿಯಿಂದ 2021ರ ಮೇವರೆಗೆ ಜಗತ್ತಿನಲ್ಲಿ ಕೋವಿಡ್‌ನಿಂದ ಮಡಿದ ಆರೋಗ್ಯ ಸಿಬ್ಬಂದಿ 80 ಸಾವಿರದಿಂದ 1.80 ಲಕ್ಷ, ನಡುವಿನ ಅಂಕಿ 1,15,500. ಸರ್ಕಾರಗಳು ಸಂಸ್ಥೆಗೆ ವರದಿ ಮಾಡಿದ ಸಾವುಗಳೋ ಏಳು ಸಾವಿರವನ್ನೂ ಮುಟ್ಟಲಿಲ್ಲ. 2003ರಲ್ಲಿ 1,706 ಎಂದು ಒಬ್ಬೊಬ್ಬರನ್ನೂ ಎಣಿಸಿದ್ದ ಜಗತ್ತು 17 ವರ್ಷಗಳಲ್ಲಿ ಎಣಿಕೆಯನ್ನೇ ಮರೆಯಿತು. ಆರೋಗ್ಯ ರಾಜ್ಯಗಳ ವಿಷಯವಾದ್ದರಿಂದ ಇಂಥ ಮಾಹಿತಿ ಕೇಂದ್ರದ ಮಟ್ಟದಲ್ಲಿಲ್ಲ ಎಂದು 2020ರ ಸೆಪ್ಟೆಂಬರ್‌ನಲ್ಲಿ ನಮ್ಮ ಸಂಸತ್ತಿಗೇ ಉತ್ತರ ಬಂತು. 50 ಲಕ್ಷ ರೂಪಾಯಿಯ ವಿಮೆಯನ್ನು ಅದೇ ಕೇಂದ್ರ ಆ ಮಾರ್ಚ್‌ನಲ್ಲಿ ಘೋಷಿಸಿತ್ತು. ಯಾರು ಸತ್ತರೆಂದು ತಿಳಿಯದೆ ಅದನ್ನು ಯಾರ ಮನೆಗೆ ತಲುಪಿಸುವುದು? ಭಾರತೀಯ ವೈದ್ಯಕೀಯ ಸಂಘ ತನ್ನವರನ್ನು ತಾನೇ ಎಣಿಸಿಕೊಂಡಿತು. ಮೊದಲ ಅಲೆಯಲ್ಲಿ 748 ವೈದ್ಯರು ಎಂದಿತು ಅದರ ಪಟ್ಟಿ. ದಾದಿಯರಿಗೆ, ಪ್ರಯೋಗಾಲಯದ ತಂತ್ರಜ್ಞರಿಗೆ ಅಷ್ಟು ಗಟ್ಟಿ ದನಿಯ ಸಂಘವಿಲ್ಲ. ಸ್ವಚ್ಛತಾ ಸಿಬ್ಬಂದಿಯ ಹಾಜರಿ ಪುಸ್ತಕ ಇರುವುದೇ ಗುತ್ತಿಗೆದಾರನ ಬಳಿ. ಹೆಸರೊಂದು ಅಲ್ಲಿ ಬಿಟ್ಟುಹೋದರೆ ಮರುದಿನ ಅದರ ಜಾಗದಲ್ಲಿ ಇನ್ನೊಂದು ಹೆಸರು ಬರುತ್ತದೆ. ಬಿಟ್ಟುಹೋದದ್ದು ಏಕೆಂದು ಬರೆಯಲು ಆ ಪುಸ್ತಕದಲ್ಲಿ ಕಾಲಮ್ಮೇ ಇಲ್ಲ.