ಕಿಟಕಿಯ ಒಳಗೊಂದು ಕಿಟಕಿ

ಎಡಿನ್‌ಬರೊ ನಗರದಲ್ಲಿ ಡಿಸೆಂಬರ್ ತಿಂಗಳ ಸೂರ್ಯನು ಬೆಳಗ್ಗೆ ಎಂಟೂವರೆ ದಾಟಿದ ಮೇಲೆ ಮುಖ ತೋರಿಸಿ, ಸಂಜೆ ನಾಲ್ಕು ಹೊಡೆಯುವುದಕ್ಕೆ ಮುಂಚೆಯೇ ಮರೆಯಾಗಿಬಿಡುತ್ತಾನೆ. ಇಷ್ಟು ಕಿರಿದಾದ ಹಗಲನ್ನು ಕಿಟಕಿಯ ಬಳಿ ಕುಳಿತು ಕಳೆಯಲೂ ಆಗದಿದ್ದರೆ ವಯಸ್ಸಾದವರ ಗತಿಯೇನು? 2023ರ ಆ ತಿಂಗಳಲ್ಲಿ ಮೂರು ವಾರದ ರಜೆ ಹಾಕಿ ನಾನು ಅಕ್ಕನ ಮನೆಗೆ ಹೋದಾಗ ಅಮ್ಮ ನನ್ನನ್ನು ಕಂಡು ಆಡಿದ ಮೊದಲ ಮಾತೇ ಇದು:

“ಬಂದೆಯಾ ಮಗು? ಬಾ, ಈ ಒಳಗೋಡೆಯ ಹತ್ತಿರ ಕೂತುಕೋ. ಆ ಕಿಟಕಿಯ ಬಳಿ ಮಾತ್ರ ಹೋಗಬೇಡ, ಮೈ ಕೊರೆದುಬಿಡುತ್ತದೆ.”

ಇದನ್ನು ಕೇಳಿ ನನಗೆ ಆಶ್ಚರ್ಯವಾಯಿತು. ಮೈಸೂರಿನ ನಮ್ಮ ಮನೆಯಲ್ಲಿ ಬೀದಿಯ ಕಿಟಕಿಯೆಂದರೆ ಅದು ಅಮ್ಮನ ಸ್ವಂತ ಆಸ್ತಿ. ಹೂ ಕಟ್ಟುವುದು, ಅಕ್ಕಿ ಆರಿಸುವುದು, ಸೊಪ್ಪಿನವಳೊಡನೆ ಚೌಕಾಶಿ ಮಾಡುವುದು, ಎಲ್ಲವೂ ಅಲ್ಲಿಯೇ. ಆರು ತಿಂಗಳ ವೀಸಾ ಪಡೆದು ಅಕ್ಟೋಬರಿನಲ್ಲಿ ಮಗಳ ಮನೆಗೆ ಬಂದವರು ಮೊದಲ ದಿನವೇ ಅಲ್ಲಿಯೂ ಒಂದು ಕಿಟಕಿಯನ್ನು ಆರಿಸಿಕೊಂಡಿದ್ದರಂತೆ. ಭಾಷೆ ಬಾರದ ಊರಿನಲ್ಲಿ, ಅಕ್ಕನೂ ಭಾವನವರೂ ಆಸ್ಪತ್ರೆಯ ಕೆಲಸಕ್ಕೆ ಹೊರಟ ಮೇಲೆ, ಶಾಲೆಗೆ ಹೋಗುವ ಮಕ್ಕಳು, ನಾಯಿ ಕರೆದುಕೊಂಡು ತಿರುಗುವ ಮುದುಕರು, ಇವರೇ ಅವರಿಗೆ ಸಂಗಾತಿಗಳು. ನವೆಂಬರಿನ ಚಳಿ ಆ ಜಾಗದಿಂದ ಅವರನ್ನು ಎಬ್ಬಿಸಿತ್ತು. “ಜನವರಿಯಲ್ಲೇ ನನ್ನನ್ನು ಊರಿಗೆ ಕಳಿಸಿಬಿಡಿ” ಎಂದು ಹಟ ಹಿಡಿದಿದ್ದರು. ಅಕ್ಕನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

ವಿಚಿತ್ರವೆಂದರೆ, ಆ ಕಿಟಕಿಗೆ ಆಗಲೇ ಎರಡನೆಯ ಗಾಜನ್ನು ಹಾಕಿಸಿಯಾಗಿತ್ತು. ಆದರೂ ಚಳಿ ನಿಂತಿರಲಿಲ್ಲ. ಸಾಲದೆಂಬಂತೆ ಎರಡು ಗಾಜುಗಳ ನಡುವೆ ಮಂಜು ಕವಿದು, ನೀರು ಇಳಿದು, ಕೆಳಗಿನ ಮರದ ಪಟ್ಟಿಯ ಮೇಲೆ ನಿಂತಿತ್ತು. ಬಣ್ಣ ಉಬ್ಬಿತ್ತು. ಮೂಲೆಯಲ್ಲಿ ಕಪ್ಪು ಬೂಷ್ಟು. ಅಮ್ಮನಿಗೆ ಬೀದಿ ಕಾಣುವುದೂ ತಪ್ಪಿಹೋಗಿತ್ತು.

ಈ ಕಥೆ ತಿಳಿಯಬೇಕಾದರೆ ಮೊದಲು ಆ ಕಿಟಕಿಯ ಪರಿಚಯವಾಗಬೇಕು. ನಮ್ಮ ಕಿಟಕಿಗಳ ಬಾಗಿಲುಗಳು ಕೀಲಿನ ಮೇಲೆ ತಿರುಗುತ್ತವೆ. ಬ್ರಿಟನ್ನಿನ ಹಳೆಯ ಮನೆಗಳ ‘ಸ್ಯಾಷ್’ ಕಿಟಕಿಗೆ ಕೀಲಿಲ್ಲ. ಗಾಜು ಕೂಡಿಸಿದ ಎರಡು ಮರದ ಚೌಕಟ್ಟುಗಳು, ಒಂದರ ಹಿಂದೆ ಒಂದು, ಮೇಲಕ್ಕೂ ಕೆಳಕ್ಕೂ ಜಾರುತ್ತವೆ. ಎತ್ತಿದ ಚೌಕಟ್ಟು ಎತ್ತಿದಲ್ಲಿಯೇ ನಿಲ್ಲುವುದು ಹೇಗೆ? ಕಿಟಕಿಯ ಎರಡು ಪಕ್ಕಗಳಲ್ಲಿಯೂ ಮರದ ಟೊಳ್ಳು ಪೆಟ್ಟಿಗೆಗಳಿವೆ. ಅವುಗಳೊಳಗೆ ಬೀಡುಕಬ್ಬಿಣದ ಉದ್ದನೆಯ ಗುಂಡುಗಳು ತೂಗಾಡುತ್ತಿರುತ್ತವೆ. ಗುಂಡಿಗೂ ಚೌಕಟ್ಟಿಗೂ ಒಂದೇ ಹಗ್ಗ. ಹಗ್ಗ ಹಾದು ಬರುವುದು ಮೇಲಿನ ಪುಟ್ಟ ರಾಟೆಯ ಮೇಲೆ. ಚೌಕಟ್ಟು ಮೇಲೇರಿದರೆ ಗುಂಡು ಕೆಳಗಿಳಿಯುತ್ತದೆ, ಬಾವಿಯ ರಾಟೆಗೆ ಎರಡು ಕೊಡ ಕಟ್ಟಿದ ಹಾಗೆ. ಹೀಗೆ ತೂಕ ಸರಿದೂಗಿಸುವ ಕಿಟಕಿ ಇಂಗ್ಲೆಂಡಿನಲ್ಲಿ ಬಳಕೆಗೆ ಬಂದದ್ದು ಹದಿನೇಳನೆಯ ಶತಮಾನದ ಕೊನೆಯ ಭಾಗದಲ್ಲಿ. ಮುಂದಿನ ಎರಡು ಶತಮಾನ ಅದರದೇ ರಾಜ್ಯಭಾರ.

ಆ ದೇಶದ ಸರಕಾರಗಳು ಕಿಟಕಿಯನ್ನೂ ಬಿಡದೆ ತೆರಿಗೆ ವಸೂಲು ಮಾಡಿದ್ದುಂಟು. ಇಂಗ್ಲೆಂಡಿನಲ್ಲಿ 1696ರಲ್ಲಿ ಹೇರಿದ ಕಿಟಕಿ ತೆರಿಗೆ ತೊಲಗಿದ್ದು 1851ರಲ್ಲಿ. ಗಾಜಿನ ಮೇಲೆ 1746ರಿಂದ 1845ರವರೆಗೆ ಬೇರೆಯೇ ಸುಂಕವಿತ್ತು. ಆ ಸುಂಕ ಹೋದ ಮೇಲೆ ದೊಡ್ಡ ಗಾಜು ಅಗ್ಗವಾಯಿತು. ಅಕ್ಕನ ಮನೆ ಇರುವ ಮಾರ್ಚ್‌ಮಾಂಟ್ ಬಡಾವಣೆ ಎದ್ದದ್ದು ಅನಂತರ, 1870ರ ದಶಕದಿಂದ ಈಚೆಗೆ. ಮೆಡೋಸ್ ಎಂಬ ವಿಶಾಲವಾದ ಹುಲ್ಲುಬಯಲಿನ ದಕ್ಷಿಣಕ್ಕೆ ಮರಳುಗಲ್ಲಿನಲ್ಲಿ ಕಟ್ಟಿದ ನಾಲ್ಕಂತಸ್ತಿನ ಮನೆಗಳ ಸಾಲು. ಒಂದೊಂದು ಮಹಡಿಯಲ್ಲಿ ಒಂದೆರಡು ಸಂಸಾರ. ಒಂದೊಂದು ಕಿಟಕಿಯೂ ಆಳೆತ್ತರಕ್ಕಿಂತ ಹೆಚ್ಚು. ಹಳೆಯ ಗಾಜಿನ ಮೈಯಲ್ಲಿ ಸಣ್ಣ ಅಲೆಗಳಿವೆ. ಎದುರಿನ ಮರ ಅದರಲ್ಲಿ ಕೊಳದ ನೀರಿನೊಳಗಿನ ಮರದಂತೆ ಅಲುಗಾಡುತ್ತದೆ.

ನೋಡಲು ಸೊಗಸು, ಚಳಿಗಾಲದಲ್ಲಿ ಶತ್ರು. ಮೂರು ನಾಲ್ಕು ಮಿಲಿಮೀಟರ್ ದಪ್ಪದ ಒಂಟಿ ಗಾಜು ಮನೆಯ ಶಾಖವನ್ನು ಹೊರಕ್ಕೆ ಸಾಗಿಸಿಬಿಡುತ್ತದೆ. ಜಾರುವ ಚೌಕಟ್ಟಿಗೆ ಜಾರಲು ಸಂದು ಬೇಕು. ಆ ಸಂದಿನಲ್ಲಿ ಗಾಳಿ ಶಿಳ್ಳೆ ಹಾಕುತ್ತದೆ. 2022ರಲ್ಲಿ ಉಕ್ರೇನ್ ಯುದ್ಧ ಮೊದಲಾದ ಮೇಲೆ ಅನಿಲದ ಬೆಲೆ ಏರಿ, ಮನೆ ಬೆಚ್ಚಗಿಡುವ ಖರ್ಚನ್ನು ಕಂಡು ಅನುಕೂಲಸ್ಥರೂ ಹುಬ್ಬೇರಿಸುವಂತಾಯಿತು.

ಅಕ್ಕನದು ನೇರವಾದ ಯೋಚನೆ: ಹಳೆಯದನ್ನು ಕಿತ್ತುಹಾಕಿ, ಜೋಡಿ ಗಾಜು ಕೂಡಿಸಿದ ಪ್ಲಾಸ್ಟಿಕ್ ಕಿಟಕಿ ಹಾಕಿಸುವುದು. ಭಾವನವರು ಒಪ್ಪಲಿಲ್ಲ. ಆ ಬಡಾವಣೆ ಸಂರಕ್ಷಿತ ಪ್ರದೇಶಕ್ಕೆ ಸೇರಿದೆ. ಬೀದಿಗೆ ಕಾಣುವ ಕಿಟಕಿಯ ರೂಪವನ್ನು ಮನಬಂದಂತೆ ಬದಲಿಸಲು ನಗರಸಭೆ ಬಿಡುವುದಿಲ್ಲ. ಆದರೆ ಅವರ ವಾದ ಬರಿಯ ಕಾಯಿದೆಯದಾಗಿರಲಿಲ್ಲ.

“ನೋಡಿ, ಈ ಮರ ನಿಧಾನವಾಗಿ ಬೆಳೆದದ್ದು. ನೂರಿಪ್ಪತ್ತು ವರ್ಷ ಮಳೆಯನ್ನು ತಡೆದಿದೆ” ಎಂದು ನನಗೆ ವಿವರಿಸಿದರು. “ಹಗ್ಗ ಹರಿದರೆ ಹಗ್ಗ ಬದಲಿಸಬಹುದು, ಗಾಜು ಒಡೆದರೆ ಗಾಜು, ಒಂದು ಮೂಲೆ ಕೊಳೆತರೆ ಅಷ್ಟನ್ನೇ ಕೊಯ್ದು ಹೊಸ ಮರದ ತುಂಡು ಕೂಡಿಸಬಹುದು. ಆ ಜೋಡಿ ಗಾಜಿನ ಅಂಚಿನ ಬೆಸುಗೆ ಇಪ್ಪತ್ತು ಮೂವತ್ತು ವರ್ಷಕ್ಕೆ ಬಿಟ್ಟುಕೊಂಡರೆ ಇಡೀ ಗಾಜನ್ನೇ ಎಸೆಯಬೇಕು.”

ಹಾಗಾದರೆ ಉಪಾಯ? ಹಳೆಯ ಕಿಟಕಿಯನ್ನು ಮುಟ್ಟದೆ, ಅದರ ಒಳಮಗ್ಗುಲಲ್ಲಿ ತೆಳುವಾದ ಚೌಕಟ್ಟಿನ ಇನ್ನೊಂದು ಗಾಜನ್ನು ಕೂಡಿಸುವುದು. ಹಳಗನ್ನಡ ಪಾಠ ಹೇಳುವ ನನಗೆ ಇದು ಬಹಳ ಹಿಡಿಸಿತು. ಮೂಲವನ್ನು ತಿದ್ದದೆ ಪಕ್ಕದಲ್ಲಿ ಟೀಕೆ ಬರೆಯುವ ಕ್ರಮವಲ್ಲವೆ ಇದು?

ಇಲ್ಲಿ ಚಳಿಯನ್ನು ತಡೆಯುವುದು ಎರಡನೆಯ ಗಾಜಿಗಿಂತ ಹೆಚ್ಚಾಗಿ ಎರಡು ಗಾಜುಗಳ ನಡುವೆ ಅಲುಗಾಡದೆ ನಿಂತ ಗಾಳಿ. ದಪ್ಪ ಅಂಗಿಯೊಂದಕ್ಕಿಂತ ತೆಳುವಾದ ಎರಡು ಅಂಗಿ ಬೆಚ್ಚಗೆಂಬುದನ್ನು ಮಡಿಕೇರಿಯ ಚಳಿ ಕಂಡವರೆಲ್ಲ ಬಲ್ಲರು. ನಮ್ಮ ಮನೆಗಳ ಕಾಫಿ ಫ್ಲಾಸ್ಕಿನದೂ ಇದೇ ವಂಶ. ಎರಡು ಗೋಡೆಗಳ ನಡುವಿನ ಗಾಳಿಯನ್ನೇ ಹೀರಿ ತೆಗೆದು ಅದನ್ನು 1892ರಲ್ಲಿ ರಚಿಸಿದ ಜೇಮ್ಸ್ ಡ್ಯೂವರ್ ಸ್ಕಾಟ್ಲೆಂಡಿನವನು, ಇದೇ ಎಡಿನ್‌ಬರೊ ವಿಶ್ವವಿದ್ಯಾನಿಲಯದಲ್ಲಿ ಓದಿದವನು. ಕಿಟಕಿಯಲ್ಲಿ ಗಾಳಿಯನ್ನು ತೆಗೆಯುವುದಿಲ್ಲ, ನಿಲ್ಲಿಸುತ್ತಾರೆ, ಅಷ್ಟೆ. ಚಳಿ ತಡೆಯುವುದಕ್ಕೆ ಗಾಜುಗಳ ನಡುವೆ ಸುಮಾರು 20 ಮಿಲಿಮೀಟರ್ ಅಂತರ ಸಾಕು. ಅದಕ್ಕಿಂತ ಅಗಲವಾದರೆ ನಡುವಿನ ಗಾಳಿ ತಾನೇ ಸುತ್ತತೊಡಗುವುದರಿಂದ ಹೆಚ್ಚಿನ ಲಾಭವಿಲ್ಲ. ಬೀದಿಯ ಗದ್ದಲವನ್ನು ತಡೆಯಬೇಕೆಂದರೆ ಮಾತ್ರ 100 ಮಿಲಿಮೀಟರಿಗೆ ಕಡಮೆಯಿಲ್ಲದ ಅಂತರ ಬೇಕು.

ಇಷ್ಟೆಲ್ಲ ತಿಳಿದೂ ಅಕ್ಕನ ಮನೆಯಲ್ಲಿ ಕೆಟ್ಟದ್ದು ಹೇಗೆ? ನವೆಂಬರಿನಲ್ಲಿ ಕೆಲಸ ಮಾಡಿಹೋದವರು ಬಹಳ ಚುರುಕಿನವರು; ಅರ್ಧ ದಿನದಲ್ಲಿ ಮುಗಿಸಿ ಹಣ ಎಣಿಸಿಕೊಂಡು ಹೋಗಿದ್ದರು. ನೀರು ಇಳಿಯುವುದನ್ನು ದೂರವಾಣಿಯಲ್ಲಿ ತಿಳಿಸಿದಾಗ “ನಿಮ್ಮ ಅಡುಗೆಯಲ್ಲಿ ಹಬೆ ಹೆಚ್ಚು” ಎಂಬ ಉತ್ತರ ಬಂದಿತಂತೆ. ಹಬೆಯೇನೋ ಇತ್ತು. ಬೆಳಗ್ಗೆ ಇಡ್ಲಿ, ಮಧ್ಯಾಹ್ನ ಅನ್ನ ಸಾರು. ಜೊತೆಗೆ ಆ ಊರಿನ ಹಳೆಯ ಮನೆಗಳ ಪದ್ಧತಿಯಂತೆ ಅಡುಗೆಮನೆಯ ಚಾವಣಿಗೆ ಹಗ್ಗದಲ್ಲಿ ಎತ್ತಿಕಟ್ಟಿದ ಕೋಲುಗಳ ಮೇಲೆ ಒದ್ದೆ ಬಟ್ಟೆ. ಆದರೆ ಇಡ್ಲಿ ಬಿಡಬೇಕೆಂದರೆ ಅಮ್ಮ ಅಂದೇ ವಿಮಾನ ಹತ್ತಿಯಾರು!

ಕೊನೆಗೆ ಕೆಳಮಹಡಿಯ ನೆರೆಯವರು ತಮ್ಮ ಪರಿಚಯದ ಒಬ್ಬ ಮರಗೆಲಸದವರನ್ನು ಕರೆತಂದರು. ವಯಸ್ಸು ಅರುವತ್ತು ದಾಟಿರಬಹುದು, ಮಿತಭಾಷಿ. ಜೇಬಿನಿಂದ ತೆಳುವಾದ ಕಾಗದದ ಚೂರೊಂದನ್ನು ತೆಗೆದು ಒಳಗಾಜಿನ ಚೌಕಟ್ಟಿನ ಸುತ್ತ ಹಿಡಿದರು. ಮೂರು ಕಡೆ ಕಾಗದ ಅಲುಗಾಡಿತು. ಅನಂತರ ಹೊರಗಿನ ಹಳೆಯ ಚೌಕಟ್ಟಿನ ಸುತ್ತ ಹಿಡಿದರು, ಅಲ್ಲಿ ಅಲುಗಲಿಲ್ಲ. ಹಳೆಯ ಸಂದುಗಳಿಗೆಲ್ಲ ರಬ್ಬರ್ ಮೆತ್ತಿ ಭದ್ರಪಡಿಸಿದ್ದರು. “ಎಲ್ಲವೂ ಇದೆ, ಆದರೆ ತಿರುವುಮುರುವಾಗಿದೆ” ಎಂದರು.

ಗುಟ್ಟು ಇಷ್ಟೆ. ಮನೆಯೊಳಗಿನ ತೇವದ ಗಾಳಿ ಸಡಿಲವಾದ ಒಳಚೌಕಟ್ಟಿನ ಸಂದಿನಿಂದ ನುಸುಳಿ, ತಣ್ಣಗಿರುವ ಹೊರಗಾಜನ್ನು ತಾಗಿ ನೀರಾಗುತ್ತದೆ. ಹೊರಗಿನ ಕಿಟಕಿಯನ್ನು ಬಿಗಿದಿರುವುದರಿಂದ ಆ ತೇವಕ್ಕೆ ಹೊರಹೋಗಲು ದಾರಿಯಿಲ್ಲ. ಆಗಬೇಕಾದದ್ದು ಇದರ ವಿರುದ್ಧ: ಒಳಗಿನದು ಬಿಗಿಯಾಗಿರಬೇಕು, ಹೊರಗಿನದು ತುಸು ಉಸಿರಾಡುತ್ತಿರಬೇಕು. ನೂರು ವರ್ಷದ ಸಂದುಗಳನ್ನು ಮುಚ್ಚಬೇಕೆಂದು ನಮಗೆ ತೋರುವುದು ಸಹಜ. ಆದರೆ ಎರಡನೆಯ ಗಾಜು ಬಂದ ಮೇಲೆ ಆ ಸಂದುಗಳೇ ಮರವನ್ನು ಒಣಗಿಸಿ ಕಾಪಾಡುತ್ತವೆ.

ಎರಡು ದಿನ ಕೆಲಸ ನಡೆಯಿತು. ಹೊರಗಿನ ರಬ್ಬರ್ ಪಟ್ಟಿಗಳಲ್ಲಿ ಕೆಲವನ್ನು ಕಿತ್ತರು. ಒಳಚೌಕಟ್ಟನ್ನು ಬಿಚ್ಚಿ, ಬೂಷ್ಟು ಒರೆಸಿ, ಮರವನ್ನು ಒಣಗಿಸಿ, ಸುತ್ತಲೂ ಮೆತ್ತನೆಯ ಪಟ್ಟಿ ಕೊಟ್ಟು ಬಿಗಿಯಾಗಿ ಕೂಡಿಸಿದರು. ಒಳಗಿನದರ ಅಡ್ಡಪಟ್ಟಿ ಹಳೆಯ ಕಿಟಕಿಯ ಎರಡು ಚೌಕಟ್ಟುಗಳು ಕೂಡುವ ಪಟ್ಟಿಯ ಹಿಂದೆಯೇ ಅಡಗುವಂತೆ ಸರಿಪಡಿಸಿದರು. ಇದರಿಂದ ಬೀದಿಯಿಂದ ನೋಡಿದವರಿಗೆ ಎರಡನೆಯ ಕಿಟಕಿ ಇರುವುದೇ ತಿಳಿಯದು. ಒಳಗಿನದೂ ಮೇಲೆ ಕೆಳಗೆ ಜಾರುತ್ತದೆ. ಬೆಂಕಿ ಬಿದ್ದಾಗ ತೆರೆಯಲಾಗದ ಕಿಟಕಿ ಗೋಡೆಗೆ ಸಮಾನವೆಂದು ಆ ಹಿರಿಯರ ಮತ. ಬಚ್ಚಲುಮನೆಯ ಚಿಕ್ಕ ಕಿಟಕಿಗೆ ಇಷ್ಟು ಖರ್ಚು ಬೇಡವೆಂದು ಕಾಂತದ ಪಟ್ಟಿಯಿಂದ ಅಂಟಿಕೊಳ್ಳುವ ಅಕ್ರಿಲಿಕ್ ಹಾಳೆಯೊಂದನ್ನು ಹಾಕಿದರು. ಬೇಸಗೆಯಲ್ಲಿ ಅದನ್ನು ಕಿತ್ತು ಮಂಚದ ಕೆಳಗೆ ಇಡಬಹುದು.

ಹೊರಡುವ ಮುನ್ನ ಕಿಟಕಿಯ ಪಕ್ಕದ ಮರದ ಹಲಗೆಯನ್ನು ಬೆರಳ ಗೆಣ್ಣಿನಿಂದ ತಟ್ಟಿದರು. ಟೊಳ್ಳು ಸದ್ದು. ಚಾಕುವಿನಿಂದ ಹಳೆಯ ಬಣ್ಣದ ಪದರಗಳನ್ನು ಗೀರಿ ಎಳೆದಾಗ ಒಳಗಿನಿಂದ ಮಡಚಿಟ್ಟ ಮರದ ಕದ ಹೊರಬಂದಿತು! ಮನೆ ಕಟ್ಟಿದವರೇ ಚಳಿಗೆಂದು ಮಾಡಿಸಿಟ್ಟ ಕದಗಳಿವು. ನಡುವೆ ಯಾರೋ ಬಣ್ಣ ಬಳಿದು ಅಂಟಿಸಿಬಿಟ್ಟಿದ್ದರು. ಅಕ್ಕ ಏಳು ವರ್ಷ ಆ ಮನೆಯಲ್ಲಿದ್ದೂ ಅವನ್ನು ಕಂಡಿರಲಿಲ್ಲ. ಪುಣ್ಯಕ್ಕೆ ಒಳಗಾಜು ಹಳೆಯ ಕಿಟಕಿಗೆ ಸಮೀಪದಲ್ಲಿಯೇ ಕೂತಿದ್ದರಿಂದ ಕದಗಳನ್ನು ಮುಚ್ಚಲು ಅಡ್ಡಿಯಾಗಲಿಲ್ಲ.

ಆ ರಾತ್ರಿ ಭಾವನವರು ಒಂದು ವರದಿಯನ್ನು ತೋರಿಸಿದರು. ಹಳೆಯ ಕಟ್ಟಡಗಳ ಸಂರಕ್ಷಣೆಯನ್ನು ನೋಡಿಕೊಳ್ಳುತ್ತಿದ್ದ ಹಿಸ್ಟಾರಿಕ್ ಸ್ಕಾಟ್ಲೆಂಡ್ ಸಂಸ್ಥೆಗಾಗಿ ಗ್ಲಾಸ್ಗೊ ಕ್ಯಾಲೆಡೋನಿಯನ್ ವಿಶ್ವವಿದ್ಯಾನಿಲಯದವರು ಇಂಥ ಸ್ಯಾಷ್ ಕಿಟಕಿಯೊಂದನ್ನು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ್ದು. ಗಾಜಿನ ಮೂಲಕ ಹೊರಹೋಗುವ ಶಾಖದಲ್ಲಿ ಪರದೆ ಎಳೆದರೆ ಶೇಕಡ 14 ಉಳಿಯುತ್ತದೆ. ಮರದ ಕದ ಮುಚ್ಚಿದರೆ 51. ಒಳಗಾಜು ಹಾಕಿದರೆ 63. ಒಳಗಾಜು, ಮರದ ಕದ ಎರಡೂ ಸೇರಿದರೆ 75. ಅಕ್ಕ ದಪ್ಪ ಪರದೆಗೆ ಸುರಿದ ದುಡ್ಡನ್ನು ಲೆಕ್ಕ ಹಾಕಿ ಸುಮ್ಮನಾದಳು. ಹೊಸ ಕಿಟಕಿಗಳಿಗೆಂದು ಅವಳಿಗೆ ಹೇಳಿದ್ದ ಬೆಲೆಯ ಮೂರನೆಯ ಒಂದು ಪಾಲಿನೊಳಗೆ ಎರಡು ಸಲದ ಕೆಲಸವೂ ಮುಗಿದಿತ್ತು.

ಮಾರನೆಯ ಬೆಳಗ್ಗೆ ನಾನು ಎದ್ದಾಗ ಅಮ್ಮ ಶಾಲು ಹೊದೆದು ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡಿದ್ದರು. ಗಾಜು ತಿಳಿಯಾಗಿತ್ತು, ಹೊರಗೆ ಹುಲ್ಲಿನ ಮೇಲೆಲ್ಲ ಬಿಳಿಯ ಇಬ್ಬನಿ ಹೆಪ್ಪುಗಟ್ಟಿತ್ತು. ನಾನು ಸಂತೋಷದಿಂದ, “ಈಗ ಹೇಗಮ್ಮ?” ಎಂದೆ.

“ಚಳಿಯೇನೋ ಇಲ್ಲಪ್ಪ” ಎಂದರು. “ಆದರೆ ಬೀದಿ ಮೂಕವಾಗಿಬಿಟ್ಟಿದೆ. ಆ ಮಕ್ಕಳು ನಗುವುದು ಕಾಣುತ್ತದೆ, ಕೇಳುವುದಿಲ್ಲ.”

ಒಳಗಾಜಿಗೆ ಆ ಗುಣವೂ ಉಂಟು. ಅಂತರ ಕಡಮೆಯಿದ್ದರೂ ಸದ್ದು ಸಾಕಷ್ಟು ತಗ್ಗುತ್ತದೆ. ವಿಮಾನ ನಿಲ್ದಾಣಗಳ ಬಳಿಯ ಜನ ಇದಕ್ಕಾಗಿಯೇ ಅದನ್ನು ಹಾಕಿಸುತ್ತಾರೆ. ಅಮ್ಮನಿಗೆ ಅದೇ ಕೊರತೆ.

ಅಕ್ಕ ಎದ್ದು ಬಂದು ಒಳಗಿನ ಚೌಕಟ್ಟನ್ನು ಮೇಲಕ್ಕೆ ಸರಿಸಿದಳು. ಹೊರಗಿನದನ್ನೂ ಎತ್ತಿದಳು. ಗೋಡೆಯೊಳಗೆ ಕಬ್ಬಿಣದ ಗುಂಡುಗಳು ಗಡಗಡನೆ ಇಳಿದವು. ಮಕ್ಕಳ ಕೂಗು, ಬಸ್ಸಿನ ಸದ್ದು, ಜೊತೆಗೆ ಮೈ ನಡುಗಿಸುವ ಗಾಳಿ, ಎಲ್ಲವೂ ಒಟ್ಟಿಗೆ ಒಳನುಗ್ಗಿದವು.

“ಐದೇ ನಿಮಿಷ, ಅಮ್ಮ” ಎಂದಳು ಅಕ್ಕ.

ಆ ಐದು ನಿಮಿಷ ಪ್ರತಿದಿನದ ಕ್ರಮವಾಯಿತು. ಅಮ್ಮ ಜನವರಿಯ ಮಾತನ್ನು ಮತ್ತೆ ಎತ್ತಲಿಲ್ಲ. ಯುಗಾದಿಯ ಹೊತ್ತಿಗೆ ಸರಿಯಾಗಿ, ವೀಸಾದ ಅವಧಿ ಮುಗಿಯಲು ಕೆಲವೇ ದಿನಗಳಿರುವಾಗ, ಮೈಸೂರಿಗೆ ಮರಳಿದರು.