ಗಾಡಿ ಎಲ್ಲಿ ಹಚ್ಚಬೇಕು?

ನಮ್ಮ ಬಿಜ್ಜರಗಿ ಕಡೆಯ ಹಳೆಯ ಮನೆಗಳನ್ನು ನೋಡಿರಿ. ತಲಬಾಗಿಲು ದಾಟಿದರೆ ದನ ಕಟ್ಟುವ ಜಾಗ. ಮನೆ ಕಟ್ಟಿಸುವಾಗಲೇ ಹಿರಿಯರು ಎತ್ತಿಗೆ ಜಾಗ ಇಟ್ಟರು. ಚಕ್ಕಡಿಗೂ ಜಾಗ ಬಿಟ್ಟರು. ನಮ್ಮ ಎತ್ತು ಮಂದಿಯ ಬಾಗಿಲಿಗೆ ಕಟ್ಟಬಾರದು ಅಂತ ಅವರಿಗೆ ಗೊತ್ತಿತ್ತು.

ಈಗ ಪಟ್ಟಣಕ್ಕೆ ಹೋಗೋಣ. ಮಕ್ಕಳ ಶಾಲೆಗೆ, ಕೆಲಸಕ್ಕೆ ಅಂತ ನಮ್ಮ ಕಡೆಯ ಎಷ್ಟೋ ಮಂದಿ ವಿಜಯಪುರದಲ್ಲಿ ಬಾಡಿಗೆ ಮನೆ ಹಿಡಿದಿದ್ದಾರೆ. ಅಲ್ಲಿ ಹೊಸ ಬಡಾವಣೆಗಳು ಎದ್ದಿವೆ. 30 ಅಡಿ ಅಗಲ, 40 ಅಡಿ ಉದ್ದದ ಒಂದು ಪ್ಲಾಟು ಅಂತ ಇಟ್ಟುಕೊಳ್ಳಿ. ಮೊದಲು ಅದರಲ್ಲಿ ಒಂದೇ ಮನೆ, ಒಂದು ಸೈಕಲ್. ಈಗ ಅಲ್ಲೇ ಮೂರು ಅಂತಸ್ತು, ನಾಲ್ಕು ಸಂಸಾರ. ಮನೆ ಮೇಲಕ್ಕೆ ಏರಿತು. ಓಣಿ ಮಾತ್ರ ಅಗಲ ಆಗಲಿಲ್ಲ.

ಲೆಕ್ಕ ಹಾಕೋಣ. ನಾಲ್ಕು ಸಂಸಾರಕ್ಕೆ ನಾಲ್ಕು ಮೋಟಾರ್ ಸೈಕಲ್, ಎರಡು ಕಾರು. ಮನೆಯ ಮುಂದೆ 30 ಅಡಿ ಜಾಗ. ಗೇಟಿಗೆ 10 ಅಡಿ ಬಿಡಬೇಕು. ಉಳಿದದ್ದು 20 ಅಡಿ. ಒಂದು ಕಾರು ನಿಲ್ಲಲು ಸುಮಾರು 16 ಅಡಿ ಬೇಕು. ಅಲ್ಲಿಗೆ ಮುಗೀತು! ಎರಡನೇ ಕಾರು ಎಲ್ಲಿ? ಪಕ್ಕದ ಮನೆಯ ಮುಂದೆ. ಪಕ್ಕದವರೂ ಮೂರು ಅಂತಸ್ತು ಕಟ್ಟಿಸಿದರೆ? ಅಲ್ಲಿಂದ ಜಗಳ ಶುರು.

ಓಣಿ 20 ಅಡಿ ಅಗಲ ಇದೆ ಅನ್ನಿ. ಎರಡೂ ಬದಿಗೆ ಕಾರು ನಿಂತರೆ 12 ಅಡಿ ಹೋಯಿತು. ನಡುವೆ ಉಳಿಯುವುದು 8 ಅಡಿ. ಅದರಾಗ ಕಸದ ಗಾಡಿ, ನೀರಿನ ಟ್ಯಾಂಕರ್ ಹೆಂಗ ಬರಬೇಕು? ಒಂದು ಮೋಟಾರ್ ಸೈಕಲ್ ಅಡ್ಡ ಇದ್ದರೆ 108 ಗಾಡಿ ಓಣಿಯ ತುದಿಯಲ್ಲೇ ನಿಲ್ಲುತ್ತದೆ. ಹೆರಿಗೆ ನೋವು ಬಂದ ಹೆಣ್ಣುಮಗಳು ಅಲ್ಲಿವರೆಗೆ ನಡೆಯಬೇಕು. ಗಾಡಿ ಇದ್ದವರಿಗಿಂತ ಇಲ್ಲದವರಿಗೇ ಈ ತ್ರಾಸು ಹೆಚ್ಚು ಅಂತ ನನಗನಿಸುತ್ತದೆ. ಮಗುವಿನ ಕೈ ಹಿಡಿದು ಓಣಿಯಲ್ಲಿ ನಡೆಯುವವರು ನಾವೇ ಅಲ್ಲವೇ?

ಪಟ್ಟಣದಲ್ಲಿ ಮನೆ ಕಟ್ಟಿಸಲು ಮಹಾನಗರ ಪಾಲಿಕೆಗೆ ನಕ್ಷೆ ಕೊಟ್ಟು ಒಪ್ಪಿಗೆ ಪಡೆಯಬೇಕು. ದೊಡ್ಡ ಕಟ್ಟಡವಾದರೆ ನಕ್ಷೆಯಲ್ಲಿ ಗಾಡಿಗೆ ಜಾಗ ತೋರಿಸಬೇಕು. ಅದಕ್ಕೇ ಕೆಲವರು ಕಂಬಗಳ ಮೇಲೆ ಮನೆ ಕಟ್ಟಿಸಿ ಕೆಳಗೆ ಜಾಗ ಬಿಡುತ್ತಾರೆ. ಆಮೇಲೆ ಕೆಲವು ಕಡೆ ಅಲ್ಲೇ ಗೋಡೆ ಎತ್ತಿ, ಶಟರ್ ಹಾಕಿ, ಅಂಗಡಿ ಮಾಡುತ್ತಾರೆ. ಬಾಡಿಗೆ ಮಾಲೀಕನಿಗೆ, ಗಾಡಿ ಓಣಿಗೆ!

ಜಪಾನ್ ದೇಶದಲ್ಲಿ 1962ರಲ್ಲಿ ಒಂದು ಕಾಯ್ದೆ ಬಂತು. ಅಲ್ಲಿಯ ಪಟ್ಟಣಗಳಲ್ಲಿ ಕಾರು ಕೊಳ್ಳುವವರು ಮೊದಲು ಅದನ್ನು ನಿಲ್ಲಿಸುವ ಜಾಗ ತೋರಿಸಬೇಕು. ಜಾಗ ಸ್ವಂತದ್ದಾಗಲಿ, ಬಾಡಿಗೆಯದಾಗಲಿ, ಮನೆಯ ಹತ್ತಿರ ಇರಬೇಕು. ನಮ್ಮ ಬೆಂಗಳೂರಿಗೆ 2021ರಲ್ಲಿ ಸರಕಾರ ಒಂದು ನೀತಿಗೆ ಒಪ್ಪಿಗೆ ಕೊಟ್ಟಿತು. ರಸ್ತೆ ಬದಿಗೆ ಗಾಡಿ ನಿಲ್ಲಿಸುವವರು ಹಣ ಕೊಡಬೇಕು ಅಂತ ಅದರಲ್ಲಿದೆ. ಕಾಗದದ ಮೇಲಿನ ಮಾತು ಓಣಿಗೆ ಇಳಿಯಲು ತಡವಾಗುತ್ತದೆ, ಅದು ಬೇರೆ ಮಾತು.

ಬಾಡಿಗೆ ಮನೆ ನೋಡಲು ಹೋದಾಗ ನಾವು ನೀರಿನ ಬಗ್ಗೆ ಕೇಳುತ್ತೇವೆ. ಇದನ್ನೂ ಕೇಳಿರಿ: "ಗಾಡಿ ಎಲ್ಲಿ ಹಚ್ಚಬೇಕ್ರಿ?" ಮನೆ ಕೊಳ್ಳುವುದಾದರೆ ಪಾಲಿಕೆ ಒಪ್ಪಿದ ನಕ್ಷೆ ತೋರಿಸಲು ಹೇಳಿ, ಓದಿ ನೋಡಿರಿ. ನಿಮ್ಮ ಓಣಿಯಲ್ಲಿ ಗಾಡಿಯ ಜಾಗದಲ್ಲಿ ಅಂಗಡಿ ಎದ್ದಿದ್ದರೆ ನಾಲ್ಕು ಮನೆಯವರು ಕೂಡಿ ಪಾಲಿಕೆಗೆ ಅರ್ಜಿ ಬರೆಯಿರಿ. ಹೆಬ್ಬೆಟ್ಟು ಬೇಡ, ಸಹಿ ಹಾಕಿರಿ. ಅರ್ಜಿ ಮುಟ್ಟಿದ ಚೀಟಿ ಇಸಕೊಂಡು, ಅದರ ಮೇಲೆ ತಾರೀಖು ಇದೆಯೇ ನೋಡಿರಿ.